ಎರಡೂ ಕೈ ಬಿಟ್ಟ ಗಳಿಗೆ

ಕುಂದಗೋಳದ ಕಡೆಯ ನಮ್ಮೂರಿನ ಹಿಂದೆ ರೈಲು ಓಡದ ಒಂದು ರೈಲುದಾರಿ ಇದೆ. ಹೊಸ ಹಳಿಯನ್ನು ನೇರವಾಗಿ ಹಾಕಿದಾಗ ಹಳೆಯ ತಿರುವನ್ನು ಕೈಬಿಟ್ಟರು. ಹಳಿ ಕಿತ್ತು ಒಯ್ದ ಮೇಲೆ ಊರವರು ಜಲ್ಲಿ ಸರಿಸಿ, ಗರಸು ಮಣ್ಣು ಹಾಸಿ, ರೋಲರ್ ಓಡಿಸಿದರು. ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ ಎತ್ತರದಲ್ಲಿ ಸಾಗುವ ಆ ದಾರಿಯಲ್ಲಿ ಮಳೆಗಾಲದಲ್ಲೂ ಕೆಸರಾಗುವುದಿಲ್ಲ. ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತ ನಮ್ಮವ್ವನ ಗಾಲಿಕುರ್ಚಿ ಸಲೀಸಾಗಿ ಉರುಳುವ ಜಾಗ ನಮ್ಮಲ್ಲಿ ಅದೊಂದೇ.

ಕಾಲೇಜಿನಲ್ಲಿ ಪಾಠ ಹೇಳಿ ಬಂದು ದಿನಾ ಸಂಜೆ ಅವಳನ್ನು ಕರೆದೊಯ್ಯುತ್ತಿದ್ದೆ. ಯಾರ ಹತ್ತಿ ಒಡೆದಿದೆ, ಯಾರು ಮೆಣಸಿನಗಿಡದ ಕಸ ತೆಗೆದಿಲ್ಲ, ಎಲ್ಲ ಹೊಲಗಳಿಗೂ ಅವ್ವನ ತಪಾಸಣೆ ನಡೆಯುತ್ತಿತ್ತು. ಇಡೀ ದಿನ ಗೋಡೆ ನೋಡುವವಳಿಗೆ ಆ ಒಂದು ತಾಸೇ ಊರು.

ಹಳೆಯ ಸೇತುವೆ ತೆಗೆದ ಕಡೆ ದಾರಿ ಇಳಿಜಾರಾಗಿ ಟ್ರ್ಯಾಕ್ಟರ್ ರಸ್ತೆಗೆ ಇಳಿಯುತ್ತದೆ. ಇಳಿಜಾರಿನ ತಲೆಗೆ, ಬೇವಿನ ಗಿಡದ ಕೆಳಗೆ, ಬಸವಣ್ಣನ ಕಟ್ಟೆ. ಕೈ ಮುಗಿಯದೆ ಅಲ್ಲಿಂದ ಯಾರೂ ದಾಟುವುದಿಲ್ಲ. ಅವ್ವನ ಬಲಗೈ ಮೇಲೇಳದು. ಅದಕ್ಕೇ ದಿನಾ ಹೇಳುವಳು: “ನನ್ನ ಪಾಲಿಂದೂ ನೀನ ಮುಗಿ.” ನಾನು ಬ್ರೇಕು ಒತ್ತಿ, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚುತ್ತಿದ್ದೆ.

ಅವತ್ತು ಅವ್ವ ಯಾರದೋ ಮದುವೆಯ ಊಟದ ಹುಳುಕು ತೆಗೆಯುತ್ತಿದ್ದಳು. ನಾನು ನಗುತ್ತಾ ಬ್ರೇಕು ಮರೆತು ಕೈ ಮುಗಿದೆ. ಕಣ್ಣು ತೆರೆದಾಗ ಎದುರಿಗೆ ಕುರ್ಚಿ ಇರಲಿಲ್ಲ.

ಅದು ಆಗಲೇ ಇಳಿಜಾರಿನ ಅರ್ಧದಲ್ಲಿತ್ತು. ಕೆಳಗೆ ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಹೇರಿಕೊಂಡ ಟ್ರ್ಯಾಕ್ಟರು ಬರುತ್ತಿತ್ತು. ಅವ್ವ ಎಡಗೈಯಿಂದ ಗಾಲಿಯನ್ನು ಒತ್ತಿ ಹಿಡಿದಿದ್ದಳು. ನಾನು ಓಡಿದೆ, ಆದರೆ ಕುರ್ಚಿ ನನಗಿಂತ ಜೋರಾಗಿತ್ತು. ಎದುರಿಗೆ ಮೇವಿನ ಹೊರೆ ಹೊತ್ತು ಏರುತ್ತಿದ್ದ ಹೆಂಗಸೊಬ್ಬಳು ತಲೆಯ ಮೇಲಿನ ಹೊರೆಯನ್ನೇ ಗಾಲಿಗಳ ಮುಂದೆ ಕೆಡವಿದಳು. ಕುರ್ಚಿ ಅದರೊಳಗೆ ಹೊಕ್ಕು ನಿಂತಿತು. ಟ್ರ್ಯಾಕ್ಟರಿನವನು ಹಾಡು ಹಚ್ಚಿಕೊಂಡು ಹಾಗೇ ಹೋದ.

ಆಕೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. “ಒಂದ ಕೈಲೆ ಮುಗದಿದ್ರ ಬಸವಣ್ಣ ಸಿಟ್ಟಿಗೇಳ್ತಿದ್ದನೇನಬೇ? ನೋಡಿದ್ರ ಸಾಲಿ ಕಲತಾಕಿ ಇದ್ದಂಗ ಕಾಣ್ತಿ.”

ಅವ್ವ ಸೆರಗಿನ ಮೇಲಿನ ಮೇವಿನ ಎಲೆ ಕೊಡವುತ್ತಾ, ತನ್ನ ಪಾಲಿಗೂ ಸೇರಿಸಿ ಕೈ ಮುಗಿ ಎಂದವಳು ತಾನೇ, ಹುಡುಗಿಯದೇನೂ ತಪ್ಪಿಲ್ಲ ಎಂದಳು. ಅವಳ ಎಡ ಅಂಗೈಯ ಚರ್ಮ ಸುಲಿದಿತ್ತು.

ನಾನು ಕಲಿಸುವುದು ಭೌತಶಾಸ್ತ್ರ. ಇಳಿಜಾರಿನ ಲೆಕ್ಕವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬಿಡಿಸುತ್ತೇನೆ. ಈಗ ತ್ರಿಕೋನ ಬರೆದ ಕೂಡಲೇ ಸೀಮೆಸುಣ್ಣ ನಿಲ್ಲುತ್ತದೆ. ಆ ಹೆಂಗಸು ಹತ್ತು ಹೆಜ್ಜೆ ಹಿಂದಿದ್ದರೆ? ಹೊರೆ ಬಾಜು ಬಿದ್ದಿದ್ದರೆ? ಮಕ್ಕಳು ಕಾಯುತ್ತಿರುತ್ತಾರೆ.

ಆಮೇಲೆ ನಾವು ಹೊರಗೆ ಹೋಗಲಿಲ್ಲ. ಒಂದು ದಿನ ಗಾಳಿ ಎಂದೆ, ಇನ್ನೊಂದು ದಿನ ತಲೆನೋವು ಎಂದೆ. ಅವ್ವ ಕೇಳುವುದನ್ನೂ ಬಿಟ್ಟಳು. ಎಂಟನೆಯ ದಿನ ಅಂಗೈಯ ಗಾಯಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ನನ್ನ ಬೆರಳು ಹಿಡಿದಳು.

“ಅವತ್ತ ನೀ ನನ್ನ ಬಿಟ್ಟಿದ್ದು ಒಂದ ಗಳಿಗಿ. ಈಗ ಎಂಟ ದಿನಾ ಆತು, ಒಳಗ ಕುಂದ್ರಿಸಿ. ಯಾವದಕ್ಕ ಅಳಬೇಕ ನಾ?”

ಎಣ್ಣೆಯ ಬಟ್ಟಲನ್ನು ಕೆಳಗಿಟ್ಟೆ. ಕುರ್ಚಿ ಹೊರಗೆ ತಂದೆ.

ಇಳಿಜಾರಿನ ತಲೆಯಲ್ಲಿ ಬ್ರೇಕು ಒತ್ತಿ, ಮತ್ತೆ ಒತ್ತಿ ನೋಡಿದೆ. ಕೈ ಮುಗಿಯಲು ಅವ್ವ ಹೇಳಲಿಲ್ಲ. ಎಡಗೈಯನ್ನು ಹಣೆಗೆ ಒಯ್ದು ತಾನೇ ಮುಗಿದಳು. ನಾನು ಕುರ್ಚಿಯನ್ನು ತಿರುಗಿಸಿ, ಅದರ ಭಾರವನ್ನು ಎದೆಗೆ ಆನಿಸಿಕೊಂಡು, ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಇಳಿದೆ. ಅವಳ ಬಿಳಿಗೂದಲು ನನ್ನ ಗದ್ದಕ್ಕೆ ತಾಗುತ್ತಿತ್ತು. ಕೆಳಗೆ ಸಪಾಟು ನೆಲ ಬಂದ ಮೇಲೂ ಹಿಡಿಕೆಯಿಂದ ನನ್ನ ಬೆರಳುಗಳು ಸಡಿಲಾಗಲಿಲ್ಲ. ಅವ್ವ, ಆಚೆ ಹೊಲದವರು ಕಡಲೆ ಬಿತ್ತಿದ್ದಾರೋ ಇಲ್ಲವೋ ನೋಡೋಣ, ತಿರುಗಿಸು ಎಂದಳು.