ಅತ್ತಿ ಮುಚ್ಚಿಟ್ಟ ಜೋಮು

ಎಳೆ ಜಾರದಿರಲೆಂದು ಅತ್ತಿಯ ಹೆಬ್ಬೆರಳು, ತೋರುಬೆರಳಿಗೆ ಯಾವಾಗಲೂ ಬೂದಿ. ಮಗ್ಗದಲ್ಲಿ ಮುಗಿದ ಹಾಸಿನ ಎಳೆಗೆ ಹೊಸ ಎಳೆ ಹೊಸೆದು ಕೂಡಿಸುವುದಕ್ಕೆ ನಾವು ಕೆಚ್ಚುವುದು ಎನ್ನುತ್ತೇವೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಅದಕ್ಕೆ ಬಾಜೂ ಮನೆಯ ಅತ್ತಿಯೇ ಬೇಕು. ಸಾವಿರಾರು ಎಳೆ, ಒಂದನ್ನೂ ನೋಡುತ್ತಿರಲಿಲ್ಲ. ಬೆರಳು ತಮ್ಮ ಪಾಡಿಗೆ, ಬಾಯಿ ತನ್ನ ಪಾಡಿಗೆ. ಓಣಿಯ ಸುದ್ದಿಯೆಲ್ಲ ನನಗೆ ತಿಳಿಯುತ್ತಿದ್ದದ್ದು ಅವಳು ಕೆಚ್ಚುವಾಗಲೇ.

ಚಿಕೂನ್‌ಗುನ್ಯಾ ಬಂದ ವರ್ಷ ಅವಳೂ ಮಲಗಿದಳು. ಎದ್ದ ಮೇಲೆ ಮಾತು ಬಿಟ್ಟಳು. ಎಳೆಯ ಮೇಲೆ ಕಣ್ಣು ನೆಟ್ಟು ಕೂರುವಳು. ಸೊಕ್ಕು ಬಂದಿದೆ ಎಂದು ನಾನೇ ಆಡಿಕೊಂಡೆ. ನನ್ನ ಬಾಯಿಗಿಷ್ಟು ಮಣ್ಣು ಹಾಕಬೇಕಿತ್ತು.

ಸ್ವಲ್ಪ ದಿನಕ್ಕೆ ನನಗೂ ಅದೇ ಜ್ವರ. ಜ್ವರ ಬಿಟ್ಟಿತು, ಅಂಗಾಲಿಗೆ ಜೋಮು ಹಿಡಿಯಿತು. ನನ್ನ ಮದುವೆ ನಿಶ್ಚಯವಾಗಿತ್ತು. ಬೀಗರಿಗೆ ತಿಳಿದರೆ ಎಂಬ ಭಯ, ಕಾಲೇ ಹೋದರೆ ಎಂಬ ಅದಕ್ಕೂ ದೊಡ್ಡ ಭಯ. ಅವ್ವನಿಗೂ ಹೇಳಲಿಲ್ಲ. ಒಂದು ಮುಂಜಾನೆ ನೀರು ತರುವಾಗ ಅತ್ತಿ ಹಿಂದಿನಿಂದ ಕೂಗಿದಳು.

"ಚಪ್ಪಲಿ ಅಲ್ಲೇ ಬಿದ್ದೈತಲ್ಲಬೇ, ಗೊತ್ತಾಗ್ಲಿಲ್ಲೇನ?"

ಗೊತ್ತಾಗಿರಲಿಲ್ಲ. ಹತ್ತು ಮಾರು ಹಿಂದೆ ಬಿದ್ದಿತ್ತು. ಅತ್ತಿಯ ಮುಖ ನನಗಿಂತ ಬಿಳಿಚಿತ್ತು.

ಅವ್ವನನ್ನೂ ನನ್ನನ್ನೂ ಅವತ್ತೇ ಜಮಖಂಡಿ ಬಸ್ಸು ಹತ್ತಿಸಿ ತಾನೂ ಹತ್ತಿದಳು. ದವಾಖಾನೆಯಲ್ಲಿ ಜ್ವರ ಹಿಡಿದ ನಮ್ಮ ಅರ್ಧ ಓಣಿಯೇ ಕೂತಿತ್ತು, ಅತ್ತಿಗೆ ಕೆಲಸ ಕೊಡುವ ಸಾಹುಕಾರರ ಹೆಂಡತಿಯೂ ಇದ್ದರು. ಡಾಕ್ಟರು ನಿಶ್ಶಕ್ತಿ ಎಂದು ಟಾನಿಕ್ ಬರೆಯತೊಡಗಿದರು. ಅತ್ತಿ ಅವರ ಟೇಬಲ್ಲಿಗೆ ಕೈ ಊರಿದಳು.

"ನಿಶ್ಶಕ್ತಿ ಅಲ್ರೀ ಸಾಹೇಬ್ರ. ಜ್ವರ ಬಿಟ್ಟ ಮ್ಯಾಲ ನನಗೂ ಹಿಂಗ ಆತು. ಕೆಲಸ ಹೋದೀತಂತ ಅಂಜಿ ಮುಚ್ಚಿಟ್ಟೆ. ಈಗ ಬೆರಳಾಗ ಎಳಿ ಐತೋ ಇಲ್ಲೋ ತಿಳ್ಯಾಂಗಿಲ್ಲ. ಕಣ್ಣೀಲೆ ನೋಡಿ ಕೆಚ್ಚತೀನಿ. ಈ ಹುಡುಗೀ ಕಾಲರ ಉಳಸ್ರಿ."

ಎಲ್ಲರೂ ಕೇಳಿಸಿಕೊಂಡರು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮೊಣಕಾಲು ತಟ್ಟಿ ನೋಡಿದರು, ಕೂಡಲೇ ದೊಡ್ಡ ದವಾಖಾನೆಗೆ ಕಳಿಸಿದರು. ಮರುದಿನ ನನಗೆ ನಿಲ್ಲಲೂ ಆಗಲಿಲ್ಲ. ಜ್ವರದ ಹಿಂದೆಯೇ ನರಕ್ಕೆ ಬಿದ್ದ ಪೆಟ್ಟು, ಇನ್ನೆರಡು ದಿನ ತಡವಾಗಿದ್ದರೆ ಉಸಿರಿಗೇ ಬರುತ್ತಿತ್ತು ಎಂದರು. ತಿಂಗಳುಗಳ ಮೇಲೆ ಗೋಡೆ ಹಿಡಿದು ನಡೆದೆ. ನಿಶ್ಚಯ ಮುರಿಯಿತು, ಅದು ಬೇರೆ ಮಾತು. ಅತ್ತಿಯನ್ನು ಮಾತ್ರ ಆಮೇಲೆ ಯಾರೂ ಕೆಚ್ಚಲು ಕರೆಯಲಿಲ್ಲ. ಅವಳು ಆ ಮಾತನ್ನು ಒಂದು ದಿನವೂ ನನ್ನೆದುರು ಎತ್ತಲಿಲ್ಲ.

ಈಗಲೂ ಮೈ ಬಿಸಿಯಾದರೆ ಮೊದಲು ಅಂಗಾಲು ಚಿವುಟಿ ನೋಡಿಕೊಳ್ಳುತ್ತೇನೆ. ಆ ಅಂಜಿಕೆ ಹೋಗಿಲ್ಲ.

ಕೆಲವು ವರ್ಷಕ್ಕೆ ಅತ್ತಿ ಎದೆಬೇನೆಯಿಂದ ಹಾಸಿಗೆ ಹಿಡಿದಳು. ಕೊನೆಯ ದಿನ ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಕೈ ಯಾಕ ಬಿಟ್ಟಿಬೇ?"

ನಾನು ಎರಡೂ ಕೈಯಿಂದ ಹಿಡಿದುಕೊಂಡೇ ಇದ್ದೆ.