ಉಪ್ಪು ಬಿದ್ದ ಗಂಜಿ

ಐನಾಪುರದ ನಮ್ಮ ಓಣಿಯಲ್ಲಿ ಸತ್ತೆವ್ವ ಕಾಕಿಯ ಬಾಯಿಗೆ ಹೆದರದವೆಂದರೆ ಅವಳ ಕುರಿಗಳು ಮಾತ್ರ. ಕಾಕಿ ಉಣ್ಣೆ ನೂಲುತ್ತಾಳೆ, ಗಂಡ ಮಾಳಸಿದ್ದ ಕಾಕಾ ಆ ನೂಲಿನಿಂದ ಕಂಬಳಿ ನೇಯುತ್ತಾನೆ. ಅಂಗಡಿಯಲ್ಲಿ ಹೂವಿನ ಚಿತ್ರದ ಮೆತ್ತನೆಯ ರಗ್ಗು ಸಿಗುವಾಗ ಚುಚ್ಚುವ ಕರಿ ಕಂಬಳಿ ಯಾರಿಗೆ ಬೇಕು ಎಂದು ನಾನೊಮ್ಮೆ ಕೇಳಿದ್ದೆ. "ನಿನ್ನ ರಗ್ಗ ಹೊತಗೊಂಡ ಮಳ್ಯಾಗ ನಿಂದ್ರ ಹೋಗ. ಆಮ್ಯಾಲ ಮಾತಾಡೂಣು" ಎಂದಳು.

ಅವಳ ಕಿರಿ ಮಗಳು ಉಜ್ವಲಾಳ ಮದುವೆ ನಿಪ್ಪಾಣಿಯ ಹುಡುಗ ಸಮಾಧಾನನೊಂದಿಗೆ ಗೊತ್ತಾಯಿತು. ಅವರ ಮಂದಿಯಲ್ಲಿ ಮದುಮಕ್ಕಳನ್ನು ಕಂಬಳಿಯ ಮೇಲೆ ಕೂಡಿಸಿಯೇ ಅಕ್ಷತೆಯ ಅಕ್ಕಿಕಾಳು ಹಾಕಬೇಕು. ಹುಡುಗನ ತಾಯಿ ಸುಂದರಾಬಾಯಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ವಿಹಿಣಬಾಯಿ, ನೀವು ತ್ರಾಸ ತಗೋಬ್ಯಾಡ್ರಿ. ಕಂಬಳಿ ನಾವ ಪ್ಯಾಟ್ಯಾಗಿಂದ ತರ್ತೀವಿ."

ಬೀಗತಿಯ ಈ ಮಾತಿಗೆ ಕಾಕಿ ಉರಿದುಬಿದ್ದಳು. "ನನ್ನ ಕೈ ಇನ್ನೂ ಬಿದ್ದಿಲ್ರಿ! ನನ್ನ ಮಗಳು ನಾ ನೂಲಿದ ಕಂಬಳಿ ಮ್ಯಾಲನ ಕೂಡ್ರಾಕಿ. ಇಲ್ಲಂದ್ರ ನಾ ಚಪ್ಪರದಾಗ ಕಾಲ ಇಡೂದಿಲ್ಲ."

ಬಾಯಿಂದ ಬಿದ್ದ ಮಾತು ಊರೆಲ್ಲ ಹಬ್ಬಿತು. ಮರಿಗಳ ಮೊದಲ ಉಣ್ಣೆ ಕತ್ತರಿಸಿ, ತೊಳೆದು, ಎಕ್ಕಿ ಬಿಡಿಸಿ, ಹಂಜಿಯ ಸುರುಳಿ ಮಾಡಿಕೊಂಡು ಕಾಕಿ ರಾಟಿಯ ಮುಂದೆ ಕುಳಿತಳು. ಊದಿದ ಬೆರಳುಗಳಿಗೆ ಎಣ್ಣೆ ಹಚ್ಚಿಕೊಂಡು ನೂಲಿದಳು. ಅಂಗಳದ ಗೂಟಗಳ ನಡುವೆ ಕಾಕಾ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿದ. ಇನ್ನು ಅದಕ್ಕೆ ಗಂಜಿ ಬಳಿಯಬೇಕು. ಹುಣಸೆ ಬೀಜ ಅರೆದು ಕುದಿಸಿದ ಆ ಗಂಜಿ ಹೀರಿಕೊಂಡರೇ ನೂಲು ಗಟ್ಟಿಯಾಗಿ ಮಗ್ಗದ ಹೊಡೆತ ತಾಳುತ್ತದೆ.

ಒಲೆಯ ಮುಂದೆ ಕುಳಿತ ಕಾಕಿ ಮೊಬೈಲಿನಲ್ಲಿ ಬೀಗತಿಗೆ ತನ್ನ ನೂಲಿನ ಹೊಳಪನ್ನು ಬಣ್ಣಿಸುತ್ತಿದ್ದಳು. ಬಾಯಿ ಆ ಕಡೆ ಇದ್ದಾಗ ಕೈ ತನ್ನ ಅಭ್ಯಾಸ ಬಿಡಲಿಲ್ಲ. ದಿನಾ ಜೋಳದ ಅಂಬಲಿಗೆ ಹಾಕುವಂತೆ ಗಂಜಿಗೂ ಉಪ್ಪು ಹಾಕಿಬಿಟ್ಟಿತು. ಗೊತ್ತಿಲ್ಲದ ಕಾಕಾ ಅದನ್ನೇ ನೂಲಿಗೆಲ್ಲ ಬಳಿದ. ಕುರಿಗೆ ಉಪ್ಪೆಂದರೆ ನಮಗೆ ಪೇಢೆ ಇದ್ದಂತೆ.

ಸಂಜೆ ಮಗ ನಾಮದೇವ ಕುರಿ ಹೊಡೆದುಕೊಂಡು ಬಂದ. ಬೇರೆ ದಿನವಾದರೆ ಅವು ಆ ನೂಲನ್ನು ಮೂಸಿಯೂ ನೋಡುವುದಿಲ್ಲ. ಆ ದಿನ ಮುಂದಿದ್ದ ಟಗರು ನಿಂತು ಒಮ್ಮೆ ನೆಕ್ಕಿತು, ಮತ್ತೊಮ್ಮೆ ನೆಕ್ಕಿತು. ಹಿಂದಿನವು ಪಂಕ್ತಿ ಊಟಕ್ಕೆ ಕುಳಿತ ಬೀಗರ ಹಾಗೆ ಎರಡೂ ಬದಿಗೆ ಸಾಲು ಹಿಡಿದವು. ನೆಕ್ಕಿ ಸಾಲದೆ ಜಗಿದವು, ಜಗ್ಗಿದವು. ಕಾಕಿ ಕೂಗುತ್ತ ಓಡಿಬರುವಷ್ಟರಲ್ಲಿ ಅರ್ಧ ನೂಲು ಚಿಂದಿಯಾಗಿತ್ತು.

ಕಾಕಾ ಬೆರಳಿಗೆ ಗಂಜಿ ಹಚ್ಚಿಕೊಂಡು ರುಚಿ ನೋಡಿದ. "ಉಪ್ಪ ಬರೋಬ್ಬರಿ ಆಗೇತಿ. ಒಂದೀಟ ಮಜ್ಜಿಗಿ ಹಾಕಿದ್ರ ನಾನೂ ಕುಡೀತಿದ್ದೆ" ಎಂದ.

ನನಗೆ ನಗು ತಡೆಯಲಾಗಲಿಲ್ಲ. ಆದರೆ ಕಾಕಿ ಬೈಯಲೇ ಇಲ್ಲ. ಗೂಟದ ಹತ್ತಿರ ಕುಸಿದು, ಸೆರಗು ಮುಖಕ್ಕೆ ಹಿಡಿದು, "ಬೀಗತಿಗಿ ಏನಂತ ಮಾರಿ ತೋರಸ್ಲೋ" ಎಂದು ಅತ್ತಳು. ಅವಳು ಬೈಯದಿದ್ದುದನ್ನು ಕಂಡು ನನ್ನ ನಗು ಅಲ್ಲೇ ಸತ್ತಿತು.

ಉಣ್ಣೆ ಮುಗಿದಿತ್ತು. ಮುಂದಿನ ಸಲ ಉಣ್ಣೆ ಕತ್ತರಿಸುವುದು ಮದುವೆ ಕಳೆದ ಮೇಲೆಯೇ. ಕಾಕಾ ಉಳಿದದ್ದನ್ನು ಬಿಡಿಸಿ, ಗಂಟು ಹಾಕಿ, ಹೊಸ ಗಂಜಿ ಬಳಿದು ಅಷ್ಟನ್ನೇ ನೇಯ್ದ. ಒಬ್ಬರು ಆರಾಮಾಗಿ ಕೂಡುವಷ್ಟು ಕಂಬಳಿಯಾಯಿತು.

ಮದುವೆಯ ದಿನ ಅದನ್ನು ಹಾಸಿದಾಗ ಕಾಕಿ ಚಪ್ಪರದ ಹೊರಗೇ ನಿಂತಿದ್ದಳು. ಸುಂದರಾಬಾಯಿ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ, ಇದು ಇಬ್ಬರಿಗ ಸಾಲೂದಿಲ್ಲ! ನಮ್ಮ ಗಾಡ್ಯಾಗ ದೊಡ್ಡದೊಂದ ಐತಿ, ತರಸ್ಲೇನು?"

ಉಜ್ವಲಾ ಸರಸರನೆ ಬಂದು ಕಂಬಳಿಯ ಅಂಚಿಗೆ ಕುಳಿತು, ಸಮಾಧಾನನ ಶಲ್ಯೆ ಹಿಡಿದು ಜಗ್ಗಿದಳು.

"ಬರ್ರಿ, ಇನ್ನಷ್ಟ ಹತ್ತರ ಸರದ ಕೂಡ್ರಿ. ನಮ್ಮವ್ವ ಇಬ್ಬರಿಗೂ ಆಗೂವಷ್ಟ ಮಾಡ್ಯಾಳ."

ಹುಡುಗ ಕಿವಿಯವರೆಗೆ ಕೆಂಪಾಗಿ ಸರಿದು ಕುಳಿತ. ಹೆಂಗಸರು ನಕ್ಕರು. ಕಾಕಿ ಕಣ್ಣು ಒರೆಸಿಕೊಳ್ಳುತ್ತ ಚಪ್ಪರದೊಳಗೆ ಬಂದಳು, ಮೊಣಕಾಲೂರಿ ಮಗಳ ಕೆಳಗಿನ ಅಂಚನ್ನು ಸರಿಮಾಡಿದಳು. ಆಮೇಲೆ ಬೀಗತಿಯ ಕಡೆ ತಿರುಗಿ, "ನಿಮ್ಮದು ಗಾಡ್ಯಾಗನ ಇರ್ಲಿ ಬಿಡ್ರಿ ವಿಹಿಣಬಾಯಿ. ಅಕ್ಕಿಕಾಳ ಹಾಕ ಬರ್ರಿ" ಎಂದಳು.