ಹನ್ನೊಂದು ಮೆಟ್ಟಿಲಿನ ಪಟ್ಟಿ ಮೇಷ್ಟ್ರು

ಕಾಲೇಜಿನ ಆಟಗಾರರಷ್ಟು ಸುಳ್ಳು ಹೇಳುವವರು ಭೂಮಿ ಮೇಲೆ ಇನ್ನೊಬ್ಬರಿಲ್ಲ. ಇಪ್ಪತ್ತೊಂಬತ್ತು ವರ್ಷ ಅವರ ಕಾಲಿಗೆ ಪಟ್ಟಿ ಸುತ್ತಿ, ಮಂಜುಗಡ್ಡೆ ಇಟ್ಟು, ಬೈದು ಬೈದು ಬಾಯಿ ಒಣಗಿಸಿಕೊಂಡ ಪಟ್ಟಿ ಮೇಷ್ಟ್ರ ತೀರ್ಮಾನ ಇದು. ಕಾಲು ಬಾತು ಕುಂಬಳಕಾಯಿ ಆಗಿದ್ದರೂ "ಏನೂ ಇಲ್ಲ ಸಾರ್, ಸ್ವಲ್ಪ ಹಿಡ್ಕೊಂಡಿದೆ" ಅಂತಾರೆ. ಕೇಳಿದರೆ ತಾನೇ ಸುಳ್ಳು? ಅದಕ್ಕೇ ಮೇಷ್ಟ್ರು ಕೇಳುವುದನ್ನೇ ಬಿಟ್ಟಿದ್ದರು.

ಮೂರು ತಿಂಗಳ ಮಟ್ಟಿಗೆ ಅಂತ ಕೆಲಸಕ್ಕೆ ಸೇರಿ ಅಲ್ಲೇ ತಲೆ ನರೆಸಿಕೊಂಡವರು. ಅವರ ಕೋಣೆ ಮೈದಾನದ ಗ್ಯಾಲರಿ ಕೆಳಗೆ, ಹನ್ನೊಂದು ಮೆಟ್ಟಿಲು ಇಳಿದರೆ. ಒಂದು ಎತ್ತರದ ಮೇಜು, ಟೇಪಿನ ಡಬ್ಬಗಳು, ಮುಲಾಮಿನ ವಾಸನೆ. ಕಿಟಕಿ ಇಲ್ಲ. ಮೂವರು ಪ್ರಿನ್ಸಿಪಾಲರು ಮೇಲೆ ಗಾಳಿ ಬೆಳಕಿನ ಕೋಣೆ ಕೊಡುತ್ತೇವೆ ಅಂದರೂ ಮೇಷ್ಟ್ರು ಜಪ್ಪಯ್ಯ ಅನ್ನಲಿಲ್ಲ. ಬಾಯಿ ಸುಳ್ಳು ಹೇಳಬಹುದು, ಮೆಟ್ಟಿಲಿಳಿಯುವ ಮಂಡಿ ಹೇಳುವುದಿಲ್ಲ. ಒಳಗೆ ಕೂತು ಹೆಜ್ಜೆ ಸದ್ದು ಕೇಳಿಯೇ ಯಾರ ಯಾವ ಕಾಲು ಕೆಟ್ಟಿದೆ ಅಂತ ಹೇಳಿಬಿಡುತ್ತಿದ್ದರು. ಅವರ ಕೈಲಿ ಬೈಸಿಕೊಳ್ಳಲೆಂದೇ ಹಳೆಯ ಆಟಗಾರರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರುವುದಿತ್ತು.

ಎರಡು ವರ್ಷದಿಂದ ಹೊಸ ಪೀಡೆಯೊಂದು ಅಂಟಿಕೊಂಡಿತ್ತು. ಮಂಜುಗಡ್ಡೆ ಪೆಟ್ಟಿಗೆ ಎತ್ತಲು ಹೋದರೆ ವಾಲಿಬಾಲ್ ಹುಡುಗಿಯರಲ್ಲಿ ಯಾವಳೋ ಒಬ್ಬಳು ಬಂದು ಕಿತ್ತುಕೊಳ್ಳುತ್ತಿದ್ದಳು. ಟೇಪು ತರಲು ಮೇಲೆ ಹೊರಟರೆ ಅದು ಆಗಲೇ ಮೇಜಿನ ಮೇಲೆ. "ನನ್ನ ಕೆಲಸಕ್ಕೆ ಕೈ ಹಾಕ್ಬೇಡ್ರೇ, ಹೋಗಿ ಓಡ್ರೇ" ಅಂತ ರೇಗಿದರೆ ಹಲ್ಲು ಕಿರಿಯುತ್ತಿದ್ದವು. ಮನೆಯಲ್ಲಿ ಹೆಂಡತಿಯ ಕಾಟ ಬೇರೆ.

"ಊರೋರ ಮಂಡಿಯೆಲ್ಲ ನೋಡ್ತೀರ, ನಿಮ್ಮ ಮಂಡಿ ಯಾವಾಗ ಡಾಕ್ಟರಿಗೆ ತೋರಿಸ್ತೀರ ರೀ?"

"ನಂಗೇನಾಗಿದೆ? ಸ್ವಲ್ಪ ಹಿಡ್ಕೊಂಡಿದೆ, ಅಷ್ಟೇ."

ಫೈನಲ್ಲಿನ ಹಿಂದಿನ ದಿನ ಮಧ್ಯಾಹ್ನ ವಾಲಿಬಾಲ್ ತಂಡದ ಕ್ಯಾಪ್ಟನ್ ಬಂದಳು. ಹತ್ತು ದಿನದ ಹಿಂದೆ ಮಂಡಿ ತಿರುಚಿಕೊಂಡಿದ್ದಳು. ಕಾಲು ಸರಿಯಾಗಿದೆ ಅನ್ನುವ ಚೀಟಿಗೆ ಮೇಷ್ಟ್ರು ಸಹಿ ಹಾಕದಿದ್ದರೆ ಆಡುವ ಹಾಗಿಲ್ಲ. ಅವಳಿಗೆ ಅದು ಕಾಲೇಜಿನ ಕೊನೆಯ ಪಂದ್ಯ. ಹನ್ನೊಂದು ಮೆಟ್ಟಿಲನ್ನೂ ಗಡಿಯಾರದ ಹಾಗೆ ಟಕ್ ಟಕ್ ಅಂತ ಇಳಿದಳು. ಮೇಷ್ಟ್ರು ಖುಷಿಯಾಗಿ ಪೆನ್ನು ತೆಗೆದರು. ಆಮೇಲೆ ಅನುಮಾನ ಬಂತು. ಇಪ್ಪತ್ತರ ಹುಡುಗಿ ಎಲ್ಲಿ ಇಷ್ಟು ನೀಟಾಗಿ ಇಳಿಯುತ್ತಾಳೆ? ಇವುಗಳೆಲ್ಲ ಧಡಧಡ ಬಿದ್ದುಕೊಂಡೇ ಬರುವುದು.

"ಮೇಲೆ ಹೋಗಿ ಮಂಜುಗಡ್ಡೆ ಪೆಟ್ಟಿಗೆ ಹೊತ್ಕೊಂಡು ಬಾ" ಅಂದರು.

ಭಾರ ಹೊತ್ತು ಬಂದವಳು ಏಳನೇ ಮೆಟ್ಟಿಲಲ್ಲಿ ನಿಂತು ಭುಜವನ್ನು ಗೋಡೆಗೆ ಆನಿಸಿದಳು. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು.

"ಇಳಿಯೋದನ್ನ ಎಷ್ಟು ದಿನ ಪ್ರಾಕ್ಟೀಸ್ ಮಾಡಿದೆ?"

"ಆರು ದಿನ ಸಾರ್."

"ಆ ಆರು ದಿನ ಕಾಲು ಚಾಚಿ ಕೂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ಮಹರಾಯ್ತಿ? ನೋವು ಮುಚ್ಚಿಡೋರಿಗೆ ಈ ಕೋಣೇಲಿ ಜಾಗ ಇಲ್ಲ."

ಅವಳು ಪೆಟ್ಟಿಗೆ ಕೆಳಗಿಟ್ಟಳು. ಕಣ್ಣು ತುಂಬಿತ್ತು. "ನೀವೂ ಅದೇ ಮೆಟ್ಟಿಲಲ್ಲೇ ನಿಲ್ತೀರ ಸಾರ್. ಎರಡು ವರ್ಷದಿಂದ ಕೇಳಿಸ್ಕೊಂಡಿದ್ದೀವಿ. ನಿಮ್ಮನ್ನ ಮನೆಗೆ ಕಳಿಸಿಬಿಡ್ತಾರೆ ಅಂತ ನಾವ್ಯಾರೂ ಬಾಯಿ ಬಿಟ್ಟಿಲ್ಲ."

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿ ಅಲ್ಲೇ ಇಳಿಯಿತು. ಕಿತ್ತುಕೊಂಡ ಪೆಟ್ಟಿಗೆ, ಹೇಳದೆ ಬಂದ ಟೇಪು, ಹಲ್ಲು ಕಿರಿದ ಮುಖಗಳು, ಎಲ್ಲ ಈಗ ಅರ್ಥವಾಯಿತು. ನಾಚಿಕೆಯಾಯಿತು. ಅವಳ ಮಂಡಿಗೆ ಮಂಜುಗಡ್ಡೆ ಕಟ್ಟಿ, "ಆಡುವಂತಿಲ್ಲ" ಅಂತ ಚೀಟಿ ಬರೆದರು. ಅವಳು ಅಳುತ್ತಲೇ ಇದ್ದಳು. ಮೇಷ್ಟ್ರು ಇನ್ನೊಂದು ಚೀಟಿ ಹರಿದುಕೊಂಡು, ಅದರ ಮೇಲೆ ತಮ್ಮ ಹೆಸರು, ಕೆಳಗೆ "ಮಂಡಿ ನೋವು, ಎರಡು ವರ್ಷದಿಂದ" ಅಂತ ಬರೆದರು.

"ಏಳು, ಎರಡನ್ನೂ ಆಫೀಸಿಗೆ ಕೊಟ್ಟು ಬರೋಣ" ಅಂದರು. "ನಿಧಾನಕ್ಕೆ ಹತ್ತು. ಎಲ್ಲಿ ನೋವು ಬರುತ್ತೋ ಅಲ್ಲಿ ಇಬ್ಬರೂ ನಿಲ್ಲೋಣ."